ಮಸಿ ಅರೆಯುವವಳು

ಎಂಟನೆಯ ತಿಂಗಳ ಹನ್ನೊಂದನೆಯ ದಿನ ಬೆಳಗ್ಗೆ ನಾನ್‌ಜಿಂಗ್ ಕಚೇರಿಗೆ ದೂರು ಬಂತು. ದೂರು ಕೊಟ್ಟವಳು ಚಿನ್‌ಹುವಾಯ್ ನದಿದಂಡೆಯ ಗಣಿಕೆ ಯಾವೊ ಹಾನ್‌ಶು, ವಯಸ್ಸು ಮೂವತ್ತೊಂದು. ಕಳವಾದದ್ದು ಅವಳದೇ ಕೈಯ ಹನ್ನೆರಡು ಹಾಳೆಗಳು. ಹಾಳೆಗೊಂದು ಆರ್ಕಿಡ್ ಚಿತ್ರ, ಪಕ್ಕದಲ್ಲೊಂದು ಕವಿತೆ. ಹದಿನೈದರಂದು ಅವು ಸಂಗೀತ ಇಲಾಖೆಯ ಅಧಿಕಾರಿಯ ಕೈ ಸೇರಬೇಕಿತ್ತು. ಆತ ಮೆಚ್ಚಿದರೆ ಗಣಿಕೆಯರ ದಾಖಲೆಯಿಂದ ಅವಳ ಹೆಸರು ಹೊಡೆದುಹಾಕಿ ಬಿಡುಗಡೆ ಮಾಡುವುದೆಂದು ಮಾತಾಗಿತ್ತು.

ಪೇದೆಗಳ ಮುಖ್ಯಸ್ಥ ಲು ಪಾನ್ ಮಧ್ಯಾಹ್ನದೊಳಗೆ ಅವಳ ಮನೆಯಲ್ಲಿ ಮಹಜರು ಮಾಡಿದ. ಬೀಗ ಮುರಿದಿರಲಿಲ್ಲ. ಅದೇ ಪೆಟ್ಟಿಗೆಯಲ್ಲಿದ್ದ ಪಚ್ಚೆಕಲ್ಲಿನ ಬಳೆಗಳನ್ನು ಯಾರೂ ಮುಟ್ಟಿರಲಿಲ್ಲ.

"ಬಳೆ ಬಿಟ್ಟು ಕಾಗದ ಹೊತ್ಕೊಂಡ್ ಹೋಗಿದಾನೆ. ಕಳ್ಳನೂ ಕವಿನೇ ಇರ್ಬೇಕು," ಎಂದು ಪೇದೆ ಚೂ ನಕ್ಕ.

"ಬಾಯ್ ಮುಚ್ಕೊಂಡ್ ಬರ್ಕೊಳಯ್ಯ." ಲು ಹಾನ್‌ಶು ಕಡೆ ತಿರುಗಿದ. "ನಿಮ್ ಮೇಲೆ ಹೊಟ್ಟೆಕಿಚ್ಚು ಯಾರಿಗಮ್ಮ?"

"ಈ ದಂಡೇಲಿ ಯಾರಿಗಿಲ್ಲ ಹೇಳಿ."

"ಅಂಥೋರು ಕಿಟಕಿಯಿಂದ ನದಿಗೆ ಎಸೀತಿದ್ರು. ಹುಡುಕಿಸ್ದೆ. ಒಂದು ಚೂರೂ ಸಿಗ್ಲಿಲ್ಲ."

ಆತಾವ್ ಚಹಾ ತಂದಿಟ್ಟಳು. ಹದಿನೆಂಟು ವರ್ಷಗಳಿಂದ ಹಾನ್‌ಶುವಿನ ಮಸಿ ಅರೆದುಕೊಡುತ್ತಿದ್ದ ಆಳು. ಲು ಅವಳ ಕಪ್ಪು ಹೆಬ್ಬೆರಳನ್ನು ನೋಡಿದ. ಹಾನ್‌ಶು ಮಾತ್ರ ಅವಳ ಮುಖ ನೋಡಲಿಲ್ಲ. ನಾಲ್ಕು ದಿನಗಳಿಂದ ನೋಡಿರಲಿಲ್ಲ. ನಾಲ್ಕು ದಿನಗಳ ಹಿಂದೆ ಅಧಿಕಾರಿಯ ಗುಮಾಸ್ತ ಬಂದು, "ಬಿಡುಗಡೆಯಾಗಿ ಹೋಗುವಾಗ ಜೊತೆಗೆ ಯಾರ್ ಬರ್ತಾರೆ?" ಎಂದು ಕೇಳಿದಾಗ, "ಯಾರೂ ಇಲ್ಲ, ನಾನೊಬ್ಳೇ," ಎಂದಿದ್ದಳು. ಪರದೆಯ ಆಚೆ ಮಸಿ ಅರೆಯುವ ಸದ್ದು ಅಲ್ಲಿಗೇ ನಿಂತಿತ್ತು.

ಮರುದಿನ ಲು ದೇವಾಲಯದ ಅಕ್ಷರದ ಒಲೆಯ ಬಳಿ ಹೋದ. ಬರಹವಿದ್ದ ಕಾಗದವನ್ನು ತುಳಿಯುವಂತಿಲ್ಲ, ಕಸಕ್ಕೆ ಹಾಕುವಂತಿಲ್ಲ. ಊರಿನವರೆಲ್ಲ ಅದನ್ನು ಅಲ್ಲಿಗೇ ತಂದು ಸುಡುತ್ತಿದ್ದರು.

"ಹತ್ತನೇ ತಾರೀಕು ಸಂಜೆ ಒಬ್ಳು ಬಂದಿದ್ಲು," ಎಂದ ಒಲೆ ಕಾಯುವ ಮುದುಕ. "ಒಂದೊಂದೇ ಹಾಳೆ ಹಣೆಗೊತ್ಕೊಂಡು ಬೆಂಕಿಗೆ ಹಾಕಿದ್ಲು. ಒಂದೇ ಸಮ ಅಳು. ಹೆಬ್ಬೆಟ್ಟು ಕಪ್ಪಗಿತ್ತು, ತೊಳೆದ್ರೂ ಹೋಗದಂಥ ಕಪ್ಪು."

ಹದಿಮೂರರ ಬೆಳಗ್ಗೆ ಹಾನ್‌ಶು ಚಿತ್ರ ಬರೆಯುವ ಕೋಣೆಯಲ್ಲೇ ಆತಾವ್ ಕೈಗೆ ಹಗ್ಗ ಬಿತ್ತು.

"ನೀನೇ ಸುಟ್ಟಿದ್ದಾ?" ಎಂದು ಲು ಕೇಳಿದ.

"ಹೂಂ."

"ನದಿಗೆ ಎಸೆದಿದ್ರೆ ನೀನು ನಂಗೆ ಸಿಕ್ತಿರ್ಲಿಲ್ಲ."

"ಅಕ್ಷರ ಅಲ್ವಾ ಸ್ವಾಮಿ? ನಂಗೆ ಓದಕ್ಕೆ ಬರಲ್ಲ ಅಂತ ನೀರಿಗೆ ಹಾಕಕ್ಕಾಗುತ್ತಾ?"

"ಯಾಕೆ ಮಾಡ್ದೆ?"



ಹಾನ್‌ಶುವಿಗೆ ಗೊತ್ತಿತ್ತು. ಈ ಮನೆಗೆ ಬಂದ ಮೊದಲ ಚಳಿಗಾಲ, ಜ್ವರದಲ್ಲಿ ಆತಾವ್ ಮಡಿಲಲ್ಲಿ ಮಲಗಿ ತಾನೇ ಹೇಳಿದ್ದಳು, ಎಲ್ಲಿಗೆ ಹೋದರೂ ನಿನ್ನನ್ನು ಬಿಟ್ಟು ಹೋಗುವುದಿಲ್ಲವೆಂದು. ಆಮೇಲೆ ಎಷ್ಟೋ ಕವಿತೆ ಬರೆದಳು. ಆ ಮಾತು ಒಂದರಲ್ಲೂ ಬರಲಿಲ್ಲ.

"ದೂರು ವಾಪಸ್ ತಗೋತೀನಿ."

"ದಾಖಲಾಗಿದೆಯಮ್ಮ. ಇನ್ನಾಗಲ್ಲ."

"ಕಾರಣ ಅಂತ ಏನ್ ಬರೀಲಿ?" ಚೂ ಈ ಸಲ ನಗಲಿಲ್ಲ.

"ನಾನು ಕೊಟ್ಟ ಮಾತಿಗೆ ತಪ್ಪಿದೆ ಅಂತ ಬರೀರಿ," ಎಂದಳು ಹಾನ್‌ಶು.

ಚೂ ಕುಂಚ ಅದ್ದಿದ. ಮಸಿಕಲ್ಲು ಒಣಗಿತ್ತು. ಹಾನ್‌ಶು ತಾನೇ ನೀರು ಸುರಿದು, ಮಸಿಕಡ್ಡಿ ಹಿಡಿದು ಉಜ್ಜತೊಡಗಿದಳು. ನೀರು ಬೂದಿಬಣ್ಣಕ್ಕೆ ತಿರುಗಿತೇ ಹೊರತು ಕಪ್ಪಾಗಲಿಲ್ಲ.

"ನೀರು ಜಾಸ್ತಿಯಾಯ್ತು. ಬಿಡಿ ಅಮ್ಮಾ, ನಿಮಗಾಗಲ್ಲ."

ಆತಾವ್ ಕಟ್ಟಿದ ಎರಡೂ ಕೈಗಳನ್ನು ಚಾಚಿ ಕಡ್ಡಿಯನ್ನು ತೆಗೆದುಕೊಂಡಳು. ಹೆಚ್ಚಿನ ನೀರು ಚೆಲ್ಲಿ, ತನ್ನ ಹೇಳಿಕೆಗೆ ಬೇಕಾಗುವಷ್ಟು ಮಸಿ ಅರೆದುಕೊಟ್ಟಳು.