ನುಂಗದ ಮಾತ್ರೆ

“ಬಾಯಿ ತೆರಿ... ನಾಲಿಗೆ ಎತ್ತು!”

ಅಮ್ಮನ ಎರಡು ಬೆರಳು ಮಗಳ ದವಡೆಯೊಳಗೆ ಇಳಿದವು. ಕೆನ್ನೆಯ ಸಂದಿಯಲ್ಲಿ ಅಡಗಿಸಿಟ್ಟುಕೊಂಡಿದ್ದ ಬಿಳಿ ಮಾತ್ರೆಯನ್ನು ಹೆಕ್ಕಿ ತೆಗೆದು, ಬಟ್ಟೆಯ ಚೂರಿನಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿದಳು. “ಇನ್ನೂ ಕರಗಿಲ್ಲ, ನನ್ನ ಪುಣ್ಯ! ಕಳ್ಳಿ... ಒಡಹುಟ್ಟಿದವನ ಬಾಯಿಂದ ಕಿತ್ಕೊಂಡು ತಿನ್ನೋಕೆ ನಿನಗೆ ಮನಸ್ಸಾದರೂ ಹೇಗೆ ಬರುತ್ತೆ?”

ಕಿತ್ತುಕೊಂಡವರು ಯಾರು, ಕಳೆದುಕೊಂಡವರು ಯಾರು! ಆ ಮಾತ್ರೆ ಮಗಳದು. ಶರ್ಟುಗಳಿಗೆ ಗುಂಡಿ ಹೊಲಿದು ಹೊಲಿದು ಬೀದಿಯವರ ಬಾಯಲ್ಲಿ ‘ಗುಂಡಿಯಕ್ಕ’ ಆಗಿಹೋಗಿದ್ದವಳು ಅವಳು. ಮೂತ್ರಪಿಂಡ ಕೈಕೊಟ್ಟ ದಿನವೇ ಗಂಡನೂ ಕೈಕೊಟ್ಟ. ಪೆಟ್ಟಿಗೆಯ ಸಮೇತ ತವರಿನ ಬಾಗಿಲಲ್ಲಿ ಇಳಿಸಿ, ಗಾಡಿಯಿಂದ ತಾನೂ ಇಳಿಯದೆ ಹಾಗೇ ಹೊರಟುಹೋದ. ಅದೇ ಕಾಯಿಲೆ, ಅಪ್ಪನಿಂದ ಬಂದ ಒಂದೇ ಆಸ್ತಿಯೆಂಬಂತೆ, ತಮ್ಮನನ್ನೂ ಹಿಡಿಯಿತು. ತಮ್ಮನದು ಬೀಗ ರಿಪೇರಿಯ ಸಣ್ಣ ಅಂಗಡಿ. ಆ ಅಂಗಡಿ ಮತ್ತು ಅಮ್ಮನ ದುಡಿಮೆ ಎರಡೂ ಸೇರಿದರೆ ಮನೆಯಲ್ಲಿ ಒಬ್ಬರ ಡಯಾಲಿಸಿಸ್‌ಗೆ ದಾರಿಯಾಗುತ್ತಿತ್ತು. ಆ ಒಬ್ಬರು ಯಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಗಂಡುಮಗ!

ದೊಡ್ಡ ಆಸ್ಪತ್ರೆಯಲ್ಲಿ ಹೊಸ ಔಷಧಿಯೊಂದರ ಪ್ರಯೋಗ ನಡೆಯುತ್ತಿದೆಯೆಂಬ ಸುದ್ದಿ ಬಂದಾಗ ಇಬ್ಬರೂ ಹೋಗಿ ರಕ್ತ ಕೊಟ್ಟು ಬಂದರು. ಡಯಾಲಿಸಿಸ್ ಮಾಡಿಸಿಕೊಳ್ಳುವವರ ಹೃದಯ ಕಾಯುವ ಮಾತ್ರೆಯಂತೆ. ಪ್ರಯೋಗದಲ್ಲಿ ಇರುವಷ್ಟು ದಿನ ಡಯಾಲಿಸಿಸ್ ಖರ್ಚೂ ಅವರದೇ ಅಂತೆ. ಅಕ್ಕನನ್ನು ಆರಿಸಿಕೊಂಡರು, ತಮ್ಮನಿಗೆ ‘ರಕ್ತ ಸರಿಯಿಲ್ಲ’ ಎಂದು ಹೇಳಿ ಕಳಿಸಿದರು. ಅಮ್ಮನಿಗೆ ಅಷ್ಟೇ ಸಾಕಾಯಿತು. “ರಕ್ತ ಕೆಟ್ಟವನಿಗೇ ಅಲ್ವೇನೇ ಔಷಧಿ ಬೇಕಾದ್ದು? ಗಟ್ಟಿ ಇರೋಳಿಗೆ ಕೊಟ್ಟು ಏನು ಮಾಡ್ತಾರೆ? ನಿನಗೆ ಡಯಾಲಿಸಿಸ್ ಕುರ್ಚಿ ಸಿಕ್ತಲ್ಲ, ಮಾತ್ರೆ ಅವನಿಗಿರಲಿ.” ಅಂದಿನಿಂದ ಪ್ರತಿ ಬೆಳಿಗ್ಗೆ ಆ ಮಾತ್ರೆ ‘ಶಕ್ತಿ ಮಾತ್ರೆ’ ಎಂಬ ಹೆಸರು ಹೊತ್ತು ತಮ್ಮನ ಹೊಟ್ಟೆ ಸೇರುತ್ತಿತ್ತು. ಅವನಿಗೇನೂ ಗೊತ್ತಿರಲಿಲ್ಲ. ಆಸ್ಪತ್ರೆಗೆ ಹಿಂತಿರುಗಿಸಬೇಕಾದ ಮಾತ್ರೆಯ ಖಾಲಿ ಪಟ್ಟಿಗಳನ್ನು ಜೋಪಾನವಾಗಿ ಚೀಲಕ್ಕೆ ಹಾಕಿ ಕಳಿಸುವವಳೂ ಅಮ್ಮನೇ. ಹೇಳಿಬಿಟ್ಟರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ಉಸಿರು ಹೋಗುತ್ತದೆ... ಗುಂಡಿಯಕ್ಕ ಬಾಯಿಗೂ ಗುಂಡಿ ಹೊಲಿದುಕೊಂಡಳು.

ಆ ಬೆಳಿಗ್ಗೆ ಅವಳು ಆಸ್ಪತ್ರೆಗೆ ಹೊರಡುವಾಗ ತಮ್ಮ ಗೋಡೆ ಹಿಡಿದು ನಡೆಯುತ್ತಿದ್ದ. “ಕಾಲು ನಂದಲ್ಲ ಅನ್ನಿಸ್ತಿದೆ ಅಕ್ಕಾ. ಯಾರಾದ್ರೂ ನೋಡಿದ್ರೆ ಬೆಳಿಗ್ಗೇನೇ ಏರಿಸಿದಾನೆ ಅಂದ್ಕೋತಾರೆ,” ಎಂದು ನಕ್ಕ. ಅವಳೂ ನಕ್ಕಳು.

ಆಸ್ಪತ್ರೆಯಲ್ಲಿ ಅವಳ ಪಕ್ಕದ ಕುರ್ಚಿ ನಿವೃತ್ತ ಮೇಷ್ಟರದು. ಅವರೂ ಅದೇ ಪ್ರಯೋಗದವರು. ಸಿಸ್ಟರ್ ಅವಳ ಎಡಗೈಯ ಉಬ್ಬಿದ ನರಕ್ಕೆ ಎರಡು ಸೂಜಿ ಇಳಿಸಿ, ಕೊಳವೆ ಜೋಡಿಸಿ ಹೋದರು. ಇನ್ನು ನಾಲ್ಕು ಗಂಟೆ ಮೇಕೆಯನ್ನು ಗೂಟಕ್ಕೆ ಕಟ್ಟಿದ ಹಾಗೆ.

“ನೋಡಮ್ಮ, ನನಗೆ ಕೊಡ್ತಿರೋದು ಬರೀ ಸೀಮೆಸುಣ್ಣ ಇರ್ಬೇಕು,” ಎಂದರು ಮೇಷ್ಟರು. “ಅರ್ಧ ಜನಕ್ಕೆ ನಿಜವಾದ ಔಷಧಿ, ಅರ್ಧ ಜನಕ್ಕೆ ಸುಳ್ಳು ಮಾತ್ರೆ. ಯಾರಿಗೆ ಯಾವುದು ಅಂತ ಡಾಕ್ಟರಿಗೂ ಗೊತ್ತಿರಲ್ಲವಂತೆ. ಜೀವಮಾನವೆಲ್ಲ ಸೀಮೆಸುಣ್ಣ ಹಿಡಿದೆ, ಈಗ ನುಂಗ್ತಾ ಇದೀನಿ!”

ಅವಳ ನಗು ಮುಗಿಯುವ ಮೊದಲೇ ಪ್ರಯೋಗದ ಡಾಕ್ಟರಮ್ಮ ಬಂದರು. ಮುಖದಲ್ಲಿ ಸಂತೋಷ. “ನಿಮ್ಮ ರಕ್ತ ಚಿನ್ನದಂಥಾದ್ದು ಕಣಮ್ಮ! ಹೋದ ಸಲ ಡೋಸ್ ಏರಿಸಿದ್ವಲ್ಲ, ಪೊಟ್ಯಾಶಿಯಂ ಒಂದು ಚೂರೂ ಏರಿಲ್ಲ. ಇವತ್ತು ಇನ್ನೊಂದು ಹಂತ ಏರಿಸೋಣ.”

“ಏರಿದ್ರೆ... ಏನಾಗುತ್ತೆ ಡಾಕ್ಟ್ರಮ್ಮಾ?”

“ಮೊದಲೇ ಹೇಳಿದ್ವಲ್ಲ. ಈ ಔಷಧಿ ಕೆಲವರಿಗೆ ಪೊಟ್ಯಾಶಿಯಂ ಏರಿಸಿಬಿಡುತ್ತೆ. ಮೊದಲು ಕಾಲು ಸೋಲುತ್ತೆ. ಆಮೇಲೆ ಎದೆ ಬಡಿತ ತಪ್ಪುತ್ತೆ, ನಿಂತೂ ಹೋಗಬಹುದು. ಮೊದಲೇ ಜಾಸ್ತಿ ಇರೋರನ್ನ ನಾವು ತಗೊಳ್ಳೋದೇ ಇಲ್ಲ. ನಿಮ್ಮ ತಮ್ಮನ್ನ ಬಿಟ್ಟಿದ್ದೂ ಅದಕ್ಕೇನೇ.”

ಹೌದು, ಸೇರಿದ ದಿನ ಹೇಳಿದ್ದರು. ನೂರೆಂಟು ಮಾತಿನ ನಡುವೆ, ಕುರ್ಚಿ ಸಿಕ್ಕ ಸಂತೋಷದಲ್ಲಿ, ಅದು ಒಂದು ಕಿವಿಯಿಂದ ಇನ್ನೊಂದಕ್ಕೆ ಹಾದುಹೋಗಿತ್ತು. ಈಗ ಅವಳ ಕಣ್ಣ ಮುಂದೆ ಗೋಡೆ ಹಿಡಿದು ನಡೆಯುವ ಎರಡು ಕಾಲು ಬಂದು ನಿಂತವು. ಅವಳು ನುಂಗಲಿಲ್ಲ, ಹಾಗಾಗಿ ಅವಳ ರಕ್ತದಲ್ಲಿ ಏನೂ ಏರಲಿಲ್ಲ. ಏನೂ ಏರಲಿಲ್ಲವೆಂದು ಡೋಸ್ ಏರಿತು. ಏರಿದ ಡೋಸೆಲ್ಲ ತಮ್ಮನ ಹೊಟ್ಟೆಗೆ! ಅವಳ ಮೌನವೇ ಅವನಿಗೆ ವಿಷ ಅಳೆದು ಹಾಕುತ್ತಿತ್ತು... ಬಲಗೈಯಿಂದ ಮನೆಗೆ ಫೋನ್ ಮಾಡಿದಳು.

“ಅಮ್ಮಾ, ಅವನಿಗೆ ಆ ಮಾತ್ರೆ ಕೊಡಬೇಡ!”

“ಆಗಲೇ ನುಂಗಿಸಿದೆ. ಸುಸ್ತು ಅಂತ ಅಂಗಡಿಗೂ ಹೋಗದೆ ಮಲಗಿದಾನೆ. ಯಾಕೆ, ಹೊಟ್ಟೆಕಿಚ್ಚಾ?”

“ಅಮ್ಮಾ, ಅವನ ಎದೆ ನಿಂತುಹೋಗುತ್ತಮ್ಮಾ! ಈಗಲೇ ಇಲ್ಲಿಗೆ ಕರ್ಕೊಂಡು ಬಾ!”

“ಬಿಡ್ತು ಅನ್ನೇ! ಬೆಳಬೆಳಿಗ್ಗೆ ತಮ್ಮನ ಸಾವು ನುಡೀತೀಯಾ?” ಫೋನ್ ಕಡಿದುಹೋಯಿತು.

ಎದ್ದು ಓಡುವಂತಿಲ್ಲ, ರಕ್ತವೆಲ್ಲ ಕೊಳವೆಯಲ್ಲಿದೆ. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತದೆ, ತಮ್ಮ ಹೋಗುತ್ತಾನೆ. ಒಂದು ಗಳಿಗೆ... ಒಂದೇ ಒಂದು ಗಳಿಗೆ ಅವಳು ಸುಮ್ಮನಿದ್ದಳು. ಬದುಕಿಗಾಗಿ ಹಸಿದವಳಿಗೆ ಅಷ್ಟೂ ಹಕ್ಕಿಲ್ಲವೇ? ಆಮೇಲೆ ಇಡೀ ವಾರ್ಡೇ ತಿರುಗಿ ನೋಡುವಂತೆ ಕಿರುಚಿದಳು.

“ಡಾಕ್ಟ್ರಮ್ಮಾ! ಆ ಮಾತ್ರೆ ನಾನು ನುಂಗಿಲ್ಲ! ಎಲ್ಲಾ ನನ್ನ ತಮ್ಮನೇ ನುಂಗಿದಾನೆ!”

ಡಾಕ್ಟರಮ್ಮ ಅವಳ ಕೈಯಿಂದ ಫೋನ್ ಕಿತ್ತುಕೊಂಡರು. ಅವರೇ ಫೋನ್ ಮಾಡಿ ಗದರಿದಾಗ ಅಮ್ಮನಿಗೆ ನಂಬಿಕೆ ಬಂತು. ಮಗಳ ಮಾತಿಗಿಲ್ಲದ ತೂಕ ಬಿಳಿ ಕೋಟಿನ ಮಾತಿಗಿತ್ತು. ತಮ್ಮ ಬಂದ ಕೂಡಲೇ ಡಯಾಲಿಸಿಸ್ ಆಗಬೇಕಿತ್ತು, ಆದರೆ ಯಾವ ಯಂತ್ರವೂ ಖಾಲಿ ಇರಲಿಲ್ಲ. “ನನ್ನನ್ನ ಬಿಚ್ಚಿ ಸಿಸ್ಟರ್,” ಎಂದಳು ಗುಂಡಿಯಕ್ಕ. “ಯಂತ್ರ ತೊಳೆದು ಹೊಸ ಕೊಳವೆ ಹಾಕೋಕೆ ಹೊತ್ತು ಬೇಕಲ್ಲ. ಈಗಲೇ ಬಿಚ್ಚಿ.”

“ನಿಂದು ಇನ್ನೂ ಅರ್ಧಾನೂ ಆಗಿಲ್ಲಮ್ಮ...”

“ನಂದು ಯಾವತ್ತು ಪೂರ್ತಿ ಆಗಿದೆ? ಬಿಚ್ಚಿ!”

ಅಮ್ಮ ಪಕ್ಕದ ಮನೆಯವರ ಗಾಡಿಯಲ್ಲಿ ತಂದ ತಮ್ಮನ ಇ.ಸಿ.ಜಿ. ನೋಡಿದವರೇ ಎದೆ ಬಡಿತ ಕಾಯುವ ಇಂಜೆಕ್ಷನ್ ಕೊಟ್ಟು, ಅವಳ ಕುರ್ಚಿಯಲ್ಲೇ ಮಲಗಿಸಿ ಯಂತ್ರಕ್ಕೆ ಜೋಡಿಸಿದರು. ಅವನ ತಲೆ ಹಿಡಿಯಲು ಬಾಗಿದ ಅಕ್ಕನ ಕೈಯಿಂದ ಹತ್ತಿ ಜಾರಿತು. ಸೂಜಿ ತೆಗೆದ ತೂತಿನಿಂದ ರಕ್ತ ಚಿಮ್ಮಿತು. ಸಿಸ್ಟರ್ ಅಮ್ಮನ ಹೆಬ್ಬೆರಳನ್ನು ಎಳೆದು ಅಲ್ಲಿ ಊರಿದರು. “ಒತ್ತಿ ಹಿಡಿರಿ. ಮಗನ ಹತ್ರ ಓಡಿದ್ರೆ ಮಗಳ ರಕ್ತ ಹರಿದುಹೋಗುತ್ತೆ.”

ಹೀಗೆ ಅಮ್ಮ ಸಿಕ್ಕಿಬಿದ್ದಳು. ಕಣ್ಣು ಆಚೆ ಕುರ್ಚಿಯಲ್ಲಿ, ಹೆಬ್ಬೆರಳು ಈಚೆ ತೋಳಿನಲ್ಲಿ.

ಬಹಳ ಹೊತ್ತಿನ ನಂತರ ಡಾಕ್ಟರಮ್ಮ ಬಂದರು. “ನಿಮ್ಮ ತಮ್ಮ ಉಳ್ಕೊಂಡ್ರು. ಆದ್ರೆ... ನಿಮ್ಮನ್ನ ಇನ್ನು ಪ್ರಯೋಗದಲ್ಲಿ ಇಟ್ಕೊಳ್ಳೋ ಹಾಗಿಲ್ಲ. ಯಾಕಮ್ಮ ಹೀಗೆ ಮಾಡಿದ್ರಿ? ಇಷ್ಟವಿಲ್ಲದಿದ್ದರೆ ಯಾವಾಗ ಬೇಕಾದ್ರೂ ಬಿಡಬಹುದು ಅಂತ ಹೇಳಿರಲಿಲ್ವಾ?”

“ಬಿಟ್ಟು ಎಲ್ಲಿಗೆ ಹೋಗ್ಲಿ ಡಾಕ್ಟ್ರಮ್ಮಾ?” ಅವಳ ದನಿ ಏರಲಿಲ್ಲ. “ಬಾಗಿಲು ತೆರೆದಿಟ್ಟಿದೀವಿ ಅಂತೀರಿ. ಬಾಗಿಲಾಚೆ ನೆಲಾನೇ ಇಲ್ವಲ್ಲ!”

ಡಾಕ್ಟರಮ್ಮ ಅವಳ ಫೈಲು ಮುಚ್ಚಿದರು. ಮೇಷ್ಟರು ಒಂದು ತಮಾಷೆ ಹುಡುಕಿ, ಸಿಗದೆ, ಗೋಡೆಯ ಕಡೆ ತಿರುಗಿಕೊಂಡರು.

ಕುರ್ಚಿಯಿಂದ ತಮ್ಮನ ಕ್ಷೀಣ ದನಿ ಬಂತು. “ಅಮ್ಮಾ... ಅದು ಅಕ್ಕನದಾ? ದಿನಾ ಅವಳ ಬಾಯಿಂದ ತೆಗೆದು ನನಗೆ ಹಾಕಿದ್ಯಾ?” ಅವನ ಕಣ್ಣಂಚಿನಿಂದ ನೀರು ಕಿವಿಗಿಳಿಯಿತು. “ಇನ್ಮೇಲೆ ಒಂದು ಸಲ ನಾನು, ಒಂದು ಸಲ ಅವಳು. ನನ್ನ ಡಯಾಲಿಸಿಸ್ ಸರದಿ ಇಬ್ಬರಿಗೂ.”

“ಹಾಗೆ ಮಾಡಿದ್ರೆ ಇಬ್ಬರೂ...” ಎಂದ ಡಾಕ್ಟರಮ್ಮ ಮಾತು ಮುಗಿಸದೆ ಹೊರಟುಹೋದರು.

ಅಮ್ಮ ಬಿಕ್ಕಿದಳು. “ನಾನು ಯಾರನ್ನ ಅಂತ ಕರ್ಕೊಂಡು ಬರ್ಲೇ? ಯಾರನ್ನ ಮನೇಲಿ ಬಿಟ್ಟು ಬರ್ಲೇ? ನೀನಾದ್ರೂ ಹೇಳೇ...”

ಇಷ್ಟು ದಿನ ಆ ಪ್ರಶ್ನೆಗೆ ಗುಂಡಿಯಕ್ಕನೇ ಉತ್ತರವಾಗಿದ್ದಳು. ‘ಅವನನ್ನೇ ಕರ್ಕೊಂಡು ಹೋಗಮ್ಮ’ ಎಂಬ ಮಾತು ಅಭ್ಯಾಸಬಲದಿಂದ ಗಂಟಲವರೆಗೂ ಬಂತು. ಆದರೆ ತುಟಿಯಿಂದ ಹೊರಬಿದ್ದದ್ದು ಬೇರೆಯೇ.

“ನನಗೂ ಬದುಕಬೇಕು ಅನ್ಸುತ್ತಮ್ಮಾ.”

ಅಮ್ಮ ಆ ಮಾತನ್ನು ಮೊದಲ ಸಲ ಕೇಳುತ್ತಿದ್ದಳು. ಮಗಳ ಮುಖ ನೋಡಿದಳು, ಮಗನ ಮುಖ ನೋಡಿದಳು, ಮತ್ತೆ ಮಗಳ ಮುಖವನ್ನೇ ನೋಡಿದಳು.  

ಸಿಸ್ಟರ್ ಬಂದು ಹತ್ತಿಯ ಕೆಳಗೆ ಇಣುಕಿ ನೋಡಿದರು. “ರಕ್ತ ನಿಂತಿದೆ. ಇನ್ನು ಕೈ ತೆಗೀಬಹುದು ಅಮ್ಮ.”

ಅಮ್ಮ ತೆಗೆಯಲಿಲ್ಲ. ಹೆಬ್ಬೆರಳು ಬೆಳ್ಳಗಾಗುವವರೆಗೆ ಒತ್ತಿ ಹಿಡಿದೇ ಕುಳಿತಿದ್ದಳು.