ಶಹಾಪುರದಲ್ಲಿ ಕಾಣದ ಜಾಹೀರಾತು

ಬಾಗಿಲು ಬಡಿದ ಸದ್ದು.

ಗೋಡೆಯ ಗಡಿಯಾರದಲ್ಲಿ ರಾತ್ರಿ ಎರಡೂವರೆ. ಖಾನಾಪುರದ ಕ್ರೇನ್ ಮಾಲೀಕ ಬೀರಣ್ಣ ಚಿಲಕ ತೆಗೆದ. ಹೊರಗೆ ಅಪರಿಚಿತರು—ಇಬ್ಬರು ಗಂಡಸರು, ಹಿಂದೆ ಶಾಲು ಹೊದ್ದು ನಡುಗುತ್ತಿದ್ದ ಮುದುಕಿ. ಒಬ್ಬ ಮೊಬೈಲಿನ ಜಾಹೀರಾತನ್ನು ಅವನ ಮುಖದ ಮುಂದೆ ಹಿಡಿದ.

‘ಬೀರಣ್ಣ ಕ್ರೇನ್ ಸರ್ವಿಸ್. ಘಾಟಿನಲ್ಲಿ ಗಾಡಿ ಕೆಟ್ಟಿದೆಯೇ? ಅರ್ಧ ಗಂಟೆಯಲ್ಲಿ ಬರುತ್ತೇವೆ.’

ಹೆಸರು ಅವನದು. ಕೆಳಗಿನ ನಂಬರು ಅವನದಲ್ಲ.

“ಮೂರು ಸಾವಿರ ಮುಂಗಡ ಹಾಕಿಸ್ಕೊಂಡಿ. ನಾಲ್ಕು ತಾಸು ಕಾಡಿನ್ಯಾಗ ಕುಂದ್ರಿಸಿದಿ. ನಮ್ಮವ್ವಗ ಏನರ ಆಗಿದ್ರ?”

ಐದು ದಿನಗಳಲ್ಲಿ ಇದು ನಾಲ್ಕನೆಯ ಮೋಸ. ಬೆಳಿಗ್ಗೆ ಠಾಣೆಯಲ್ಲಿ ಬೀರಣ್ಣನ ಮೇಲೆ ದೂರು ದಾಖಲಾಯಿತು. ಹಣ ಹೋದ ಖಾತೆ ಯಾರದೋ ಬಾಡಿಗೆ ಹೆಸರಿನದು; ಬ್ಯಾಂಕಿನ ಉತ್ತರಕ್ಕೆ ವಾರಗಳೇ ಬೇಕು. ಬೀರಣ್ಣನಿಗೆ ಪೊಲೀಸರು ಕೊಟ್ಟ ಗಡುವು ಸಂಜೆಯವರೆಗೆ. ಇದು ಬೇರೆಯವನ ಕೈವಾಡವೆಂದು ತೋರಿಸದಿದ್ದರೆ—ಕ್ರೇನ್ ಜಪ್ತಿ.

“ಅರವತ್ತು ಕುರಿ ಮಾರಿ ತಗೊಂಡ ಕ್ರೇನ್ ರೀ ಅದು,” ಎಂದ ಅವನು, ಬೆಳಗಾವಿಯಿಂದ ಬಂದ ಪತ್ತೇದಾರಿಣಿ ಪೂರ್ಣಿಮಾಳಿಗೆ.

ಪೂರ್ಣಿಮಾ ಹಿಂದೆ ಹತ್ತು ವರ್ಷ ಜಾಹೀರಾತು ಕಂಪನಿಯಲ್ಲಿ ದುಡಿದವಳು.

“ನಿಮ್ಮ ಖರೇ ಜಾಹೀರಾತು ಯಾರು ನೋಡ್ಕೋತಾರ್ರಿ?”

“ಮಗಳು ನೀಲಾ. ದಿನಾ ಮುಂಜಾನೆ ಹುಡುಕಿ ನೋಡ್ತಾಳ. ನಮ್ಮದ ಎಲ್ಲಾಕ್ಕಿಂತ ಮ್ಯಾಲ ಐತಿ ಅಂತಾಳ.”

“ಯಾರ ಮ್ಯಾಲ ಅನುಮಾನ?”

ಉತ್ತರ ಬಂದದ್ದು ಡ್ರೈವರ್ ಸಂಜಯನಿಂದ. ಹನ್ನೆರಡು ವರ್ಷಗಳಿಂದ ಬೀರಣ್ಣನ ಕ್ರೇನ್ ಓಡಿಸುವವನು. ಊಟವೂ ಇದೇ ಮನೆಯಲ್ಲಿ.

“ಅನುಮಾನ ಯಾಕ್ರಿ ಮೇಡಂ? ಆ ಓಂಕಾರನ್ನ ಹಿಡೀರಿ! ಅಂವಂದೂ ಕ್ರೇನ್ ಐತಿ. ಜಾಹೀರಾತಿಗೆ ರೊಕ್ಕ ನೀರಿನಂಗ ಸುರೀತಾನ. ಇಲ್ಲಾಂದ್ರ ಬೆಳಗಾವಿ ಶಿವಲಿಂಗ—ಮೊದಲ ನಮ್ಮ ಜಾಹೀರಾತು ಹಾಕ್ತಿದ್ದ. ಬೀರಣ್ಣ ಕಾಕಾ ಬಿಡಿಸಿದ್ರು.”

ಓಂಕಾರ ತನ್ನ ಗ್ಯಾರೇಜಿನಲ್ಲೇ ಸಿಕ್ಕ. ಸಿಕ್ಕವನು ಸಿಡಿದ.

“ನಾ ಯಾಕ ಬೀರಣ್ಣನ ಹೆಸರ ಹಾಕ್ಲಿ? ನನ್ನ ಹೆಸರ ಸತ್ತೈತೇನು? ಅಷ್ಟು ರೊಕ್ಕ ಕಟ್ಟಿದ್ರೂ ಆ ಖೊಟ್ಟಿ ಜಾಹೀರಾತು ಘಾಟಿನ ದಾರಿ ಜಾಂಬೋಟಿಯಾಗ ನನ್ನ ತಲಿ ಮ್ಯಾಲ ಕುಂತೈತಿ!”

“ಖಾನಾಪುರದಾಗ?”

“ಇಲ್ಲಿ ಕಾಣೂದ ಇಲ್ಲ. ನನ್ನ ಏನ ಕೇಳ್ತೀರಿ? ಹಿಂಡಲಗಾದಾಗ ಗಂಡನ ಮನ್ಯಾಗ ಕುಂತು ಜಾಹೀರಾತು ಮಾಡ್ತಾಳಲ್ಲ, ಆ ಮಗಳನ್ನ ಕೇಳ್ರಿ!”

ಪೂರ್ಣಿಮಾ ಬೆಳಗಾವಿಗೆ ಹೊರಟಳು. ಆದರೆ ಬೀರಣ್ಣ ಕೊಟ್ಟ ವಿಳಾಸ ಹಿಂಡಲಗಾದ್ದಲ್ಲ. ಬೆಳಗಾವಿಯದೇ ಇನ್ನೊಂದು ಬದಿಯ ಶಹಾಪುರದ ಒಂದು ಓಣಿ. ಮಗ್ಗದ ಸದ್ದಿಗೆ ಕಿಟಕಿಯ ಗಾಜು ನಡುಗುವ ಬಾಡಿಗೆ ಕೋಣೆ.

“ಗಂಡನ ಮನಿ ಬಿಟ್ಟು ಆರು ದಿನ ಆತ್ರಿ,” ಎಂದಳು ನೀಲಾ. “ಅಪ್ಪಗ ಊರಾಗ ಹೇಳಾಕ ನಾಚಿಕಿ. ನಾನೂ ಯಾರಿಗೂ ಹೇಳಿಲ್ಲ.”

ನೀಲಾ ಮೊಬೈಲಿನಲ್ಲಿ ಹುಡುಕಿದಳು. ಅವರದೇ ಜಾಹೀರಾತು ಮೇಲೆ. ನಕಲಿ ಜಾಹೀರಾತಿನ ಸುಳಿವಿಲ್ಲ. ಪೂರ್ಣಿಮಾ ರೈಲು ಹಳಿ ದಾಟಿ ಶಹಾಪುರದ ಹೊರಗೆ ಬಂದು ಹುಡುಕಿದಳು—ಖೊಟ್ಟಿ ಪ್ರತ್ಯಕ್ಷ! ಹಿಂಡಲಗಾದಲ್ಲಿ? ಅಲ್ಲಿಯೂ ಅದೇ ಮೊದಲು.

ಶಿವಲಿಂಗನ ಕಚೇರಿಯಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ನೀಲಾ ಈಗ ಎಲ್ಲಿದಾಳ?”

“ಹಿಂಡಲಗಾದಾಗ. ಅತ್ತಿ ಮನ್ಯಾಗ. ಯಾಕ್ರಿ?”

“ಏನಿಲ್ಲ,” ಎಂದು ಅವಳು ಎದ್ದಳು.

ಸಂಜೆ. ಬೀರಣ್ಣನ ಅಂಗಳ. ಜಪ್ತಿಯ ಕಾಗದ ಹಿಡಿದು ಹವಾಲ್ದಾರ ಹಣಮಪ್ಪ ಬಂದಿದ್ದ. ಕರೆಯದೆ ಬಂದ ಓಂಕಾರ ತಮಾಷೆ ನೋಡಲು ಗೇಟಿಗೆ ಒರಗಿದ್ದ. ಸಂಜಯ ಕ್ರೇನಿನ ಗಾಜು ಒರೆಸುತ್ತಿದ್ದ.

“ಜಾಹೀರಾತಿನ್ಯಾಗ ರೊಕ್ಕ ಇದ್ದಾಂವಗ ಮ್ಯಾಲಿನ ಜಾಗಾ ಅಲ್ಲೇನ್ರಿ?” ಎಂದ ಹಣಮಪ್ಪ.

“ರೊಕ್ಕ ಒಂದ ಸಾಲೂದಿಲ್ಲ,” ಎಂದಳು ಪೂರ್ಣಿಮಾ. “ ಮೊಬೈಲಿನ್ಯಾಗ ಯಾರರ ಹುಡುಕಿದಾಗೊಮ್ಮೆ ಒಂದು ಹರಾಜು ನಡೀತೈತಿ. ಒಂದು ಒತ್ತಿಗೆ, ಅಂದ್ರ ಒಂದು ಕ್ಲಿಕ್ಕಿಗೆ, ಎಷ್ಟು ಕೊಡ್ತೀನಿ ಅನ್ನೂದನ್ನ ಹುಡುಕಾಟದ ಕಂಪನಿಯವರು ನೋಡ್ತಾರ. ಹುಡುಕಿದ ಮಾತಿಗೆ ಜಾಹೀರಾತು ಹೊಂದತೈತೋ, ಒತ್ತಿದ ಮ್ಯಾಲ ತೆರೆಯೂ ಪುಟ ಉಪಯೋಗಕ್ಕ ಬರತೈತೋ, ಅದನ್ನೂ ನೋಡ್ತಾರ. ಓಂಕಾರ ಅವರ ಪುಟದಾಗ ಹಳೇ ಕಾರಿನ ಮಾರಾಟ. ಖೊಟ್ಟಿ ಪುಟದಾಗ? ಘಾಟಿನ ಯಾವ ತಿರುವಿನ್ಯಾಗ ಗಾಡಿ ಸಿಕ್ಕೋತೈತಿ, ಬ್ರೇಕ್ ಸುಟ್ರ ಏನು ಮಾಡಬೇಕು—ಎಲ್ಲಾ ಐತಿ. ಕಡಿಮಿ ರೊಕ್ಕಕ್ಕ ಮ್ಯಾಲ ಕುಂತದ್ದು ಅದಕ್ಕ. ಅದನ್ನ ಬರದಾಂವ ಘಾಟಿನ್ಯಾಗ ಗಾಡಿ ಕೆಟ್ಟ ಜನರ ಫೋನು ಕೇಳಿದಾಂವ.”

ಓಂಕಾರ ನೆಟ್ಟಗೆ ನಿಂತ. “ಫೋನು ನಾನೂ ಕೇಳ್ತೀನಿ!”

“ಖರೇ. ಅದಕ್ಕ ಎರಡನೇ ಮಾತು. ಜಾಹೀರಾತು ಎಲ್ಲಿ ಕಾಣಬಾರದು ಅಂತನೂ ಹಾಕಿದಾಂವ ಹೇಳಬಹುದು. ಖಾನಾಪುರ ಬಿಟ್ಟಾನ—ಬೀರಣ್ಣ ನೋಡಬಾರದು ಅಂತ. ದಿನಾ ಹುಡುಕೂ ನೀಲಾನೂ ನೋಡಬಾರದು. ಹಂಗಾದ್ರ ಯಾವ ಜಾಗಾ ಬಿಡಬೇಕಿತ್ತು?”

“ಹಿಂಡಲಗಾ,” ಎಂದ ಓಂಕಾರ ಥಟ್ಟನೆ.

“ನಿಮಗೂ ಶಿವಲಿಂಗಗೂ ಗೊತ್ತಿದ್ದದ್ದು ಅಷ್ಟ. ಆದ್ರ ಈ ಮನಷ್ಯಾ ಹಿಂಡಲಗಾ ಬಿಟ್ಟಿಲ್ಲ. ಬಿಟ್ಟದ್ದು ಶಹಾಪುರ.”

ಗಾಜು ಒರೆಸುತ್ತಿದ್ದ ಸದ್ದು ನಿಂತಿತು.

ಪೂರ್ಣಿಮಾ ಬೀರಣ್ಣನ ಕಡೆ ತಿರುಗಿದಳು.

“ಮಗಳು ಮನಿ ಬಿಟ್ಟ ದಿನ ಆಕಿ ಸಾಮಾನು ಶಹಾಪುರಕ್ಕ ಒಯ್ಯಾಕ ನೀವು ಯಾರನ್ನ ಕಳಿಸಿದ್ರಿ?”

ಬೀರಣ್ಣ ಕ್ರೇನಿನತ್ತ ನೋಡಲಿಲ್ಲ.

“ಸಂಜಯನ್ನ.”