ತಿಮ್ಮಿಯ ಕೊಡತಿ

"ಮುಟ್ಬೇಡಿ ಒಡೆಯಾ! ನಂಗಿಂತ ಮೊದ್ಲು ಇಲ್ಲೇ ಸಿಪ್ಪೆ ಬಡಿದು ಸತ್ತ ತಿಮ್ಮಿ ಮಾಟ ಮಾಡ್ಸಿಟ್ಟ ಕೊಡತಿ ಇದು. ತಕಂಡವ್ರ ಕೈ ಬಿಡೂದಿಲ್ಲ," ಎಂದಳು ಗಂಗಿ.

ಡಾಕ್ಟರ್ ತ್ರ್ಯಂಬಕರಾಯರು ನಕ್ಕರು. ಆ ನಗೆಗೆ ಬಾಡ ಊರಿನ ಕಾಗೆಗಳೆಲ್ಲ ಎದ್ದು ಧಾರೇಶ್ವರಕ್ಕೆ ಹಾರಿಹೋದವು. ನಂಬದಿದ್ದರೆ ಕಾಗೆಗಳನ್ನೇ ಕೇಳಿ. ನಲವತ್ತನಾಲ್ಕನೆಯ ಇಸವಿಯಲ್ಲಿ ಧಾರವಾಡದಿಂದ ಬಂದಿಳಿದ ಈ ಮಹಾಶಯರ ಪ್ರಕಾರ ಭಟ್ಕಳದಿಂದ ಕುಮಟೆಯವರೆಗೆ ಬುದ್ಧಿಯಿರುವ ತಲೆ ಒಂದೇ. ಅದರ ಮೇಲೆ ಅವರ ಟೊಪ್ಪಿಗೆಯಿತ್ತು.

ಗಂಗಿ ಆ ಮರದ ಕೊಡತಿಯಿಂದ ತೆಂಗಿನ ಸಿಪ್ಪೆ ಬಡಿದು ನಾರು ತೆಗೆಯುವವಳು. ಹಳ್ಳದಲ್ಲಿ ಕೊಳೆಹಾಕಿದ ಆ ಸಿಪ್ಪೆಯ ನಾತಕ್ಕೆ ಹೆಣವೂ ಮೂಗು ಮುಚ್ಚಬೇಕು. ಮೂರು ವರ್ಷದಿಂದ ಅವಳ ಭುಜದಿಂದ ಕಿರುಬೆರಳಿನವರೆಗೆ ಕಾದ ತಂತಿ ಎಳೆದಂಥ ನೋವು. ಆದರೂ ಬಲಗೈ ಬಡಿಯುತ್ತಲೇ ಇತ್ತು.

"ಮಾಟಾನೂ ಇಲ್ಲ, ಮಣ್ಣೂ ಇಲ್ಲ," ಎಂದರು ರಾಯರು. "ಕುತ್ತಿಗಿ ಎಲುಬು ನರ ಒತ್ತಿದ್ರ ಹೀಂಗ. ಸಿಹಿಮೂತ್ರ ಇದ್ರೂ ಹೀಂಗ. ನಿನಗ ದಿನವಿಡೀ ಬಡಿದು ಬಡಿದು ನರ ಬಾತದ. ಕೈಗೆ ಜೋಳಿಗಿ ಕಟ್ಟು, ಬಿಸಿನೀರಿನ ಶಾಖ ಕೊಡು, ತಿಂಗಳು ಭಾರ ಎತ್ತಬ್ಯಾಡ. ಕೊಡತಿ ಇತ್ತ ತಾ."

"ನಾ ಕೊಡೂದಿಲ್ಲ. ಪಾಪ ಬತ್ತದೆ."

"ಕಟಗಿ ಕಚ್ಚತದೇನು, ಹುಚ್ಚಿ!" ಎನ್ನುತ್ತ ರಾಯರು ಅದನ್ನು ಕಿತ್ತುಕೊಂಡರು.

ಗಂಗಿಯ ಬೆರಳು ಬಿಚ್ಚಿಕೊಂಡವು. ನೋವಿಲ್ಲ. ಅವಳು ತನ್ನ ಅಂಗೈಯನ್ನೇ ನೋಡುತ್ತ ಅತ್ತಳು.

ರಾಯರ ಕೈ ಎದ್ದಿತು. ಧಪ್. ಅವರು ಎತ್ತಿರಲಿಲ್ಲ. ಧಪ್. ಬಿಡಲು ನೋಡಿದರು. ಬೆರಳುಗಳು ಮರದೊಳಗೆ ಬೇರಿಳಿಸಿದ್ದವು. ಧಪ್. ಹೆಗಲಿಂದ ಬೆಂಕಿ ಇಳಿಯಿತು. ಮೊಣಕೈ. ಮಣಿಕಟ್ಟು. ಉಗುರು. ನಡುಹಗಲು ಕಪ್ಪಾಯಿತು. ಕಿವಿಯ ಬಳಿ ಹೆಂಗಸೊಬ್ಬಳ ಏದುಸಿರು: "ಇನ್ನೂ ಬಡಿ... ಇನ್ನೂ..." ಗಂಗಿಯ ದನಿಯಲ್ಲ ಅದು.

"ಹೆಂಗ ಬಿಡಸೋದು? ಹೇಳ, ಗಂಗವ್ವಾ!"

"ಮತ್ತೊಬ್ರು ತಾವಾಗಿ ತಕಣ್ಬೇಕು, ಒಡೆಯಾ."

ರಾಯರು ತಿರುಗಿದರು. ಹಿಂದೆ ಔಷಧಿ ಪೆಟ್ಟಿಗೆ ಹೊತ್ತು ನಿಂತಿದ್ದ ಕಂಪೌಂಡರ್ ಪಾಂಡು. ನಲವತ್ತು ದಾಟಿದವನು. ರಾಯರು ಬಂದಾಗಿನಿಂದ ಅವರ ಕೊಡೆ, ಚಪ್ಪಲಿ, ಉಗುಳುವ ಡಬ್ಬಿ, ಕೊಟ್ಟದ್ದನ್ನೆಲ್ಲ ತಲೆ ತಗ್ಗಿಸಿ ಹಿಡಿದವನು. ಕೆಂಡ ಕೊಟ್ಟಿದ್ದರೂ ಹಿಡಿಯುತ್ತಿದ್ದ.

"ಪಾಂಡ್ಯಾ, ಹಿಡಿ!"

ಪಾಂಡು ಪೆಟ್ಟಿಗೆ ಕೆಳಗಿಟ್ಟ. ಎರಡೂ ಕೈ ಮುಂದೆ ಚಾಚಿದ.

"ಬೇಡಾ ಪಾಂಡಣ್ಣಾ!" ಗಂಗಿ ಚೀರಿದಳು.

ರಾಯರ ತುಟಿ ಆಗಲೇ ಗೆದ್ದವರಂತೆ ಸೊಟ್ಟಗಾಗಿತ್ತು. ಪಾಂಡು ಆ ತುಟಿಯನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಆಗೂದಿಲ್ಲ," ಎಂದ. ಹುಟ್ಟಿದಾಗಿನಿಂದ ಅವನು ಆ ಮಾತು ಆಡಿದ್ದು ಅದೇ ಮೊದಲು.

ಧಪ್.